ಗ್ರಹ ಹುಟ್ಟುವುದನ್ನು ನೋಡುವ ಯಂತ್ರ: ಜೋಡಿಸುವವರ ಕೈಪಿಡಿ

ಮೊದಲು ಇದನ್ನು ಓದಿ

ಪೆಟ್ಟಿಗೆ ಬಿಚ್ಚುವ ಮುನ್ನ ಕೈಪಿಡಿಯನ್ನು ಪೂರ್ತಿ ಓದತಕ್ಕದ್ದು. ಪೂರ್ತಿ ಓದಿದವರಿಗೆ ಪೆಟ್ಟಿಗೆಯೇ ಇಲ್ಲವೆಂಬುದು ಗೊತ್ತಾಗುತ್ತದೆ. ಬಿಡಿಭಾಗಗಳು ಮೂರು ಖಂಡಗಳಿಂದ ಬರಬೇಕು, ಜೋಡಿಸುವ ಜಾಗದಲ್ಲಿ ಉಸಿರಾಡಲು ಗಾಳಿ ಸಾಲದು, ಯಂತ್ರ ತೋರಿಸಿದ್ದು ಗ್ರಹವೋ ಅಲ್ಲವೋ ಎಂದು ತಜ್ಞರು ವರ್ಷಗಟ್ಟಲೆ ಜಗಳವಾಡುವುದುಂಟು. ಇವನ್ನೆಲ್ಲ ದೋಷವೆಂದು ಪರಿಗಣಿಸಲಾಗುವುದಿಲ್ಲ.

ಯಂತ್ರದ ಉದ್ದೇಶ ಹೇಳಲು ಸುಲಭ. ಎಳೆಯ ನಕ್ಷತ್ರದ ಸುತ್ತ ಅನಿಲ ಮತ್ತು ಧೂಳಿನ ತಟ್ಟೆಯೊಂದು ತಿರುಗುತ್ತಿರುತ್ತದೆ. ಅದರಲ್ಲಿ ಧೂಳಿಗೆ ಧೂಳು ಅಂಟಿ, ಹರಳಾಗಿ, ಬಂಡೆಯಾಗಿ, ಕೊನೆಗೆ ಗ್ರಹವಾಗುತ್ತದೆ. ಅದನ್ನು ನೋಡಬೇಕು. ಇಂಥದ್ದೇನೋ ನಡೆದಿರಬೇಕೆಂದು ಕಾಂಟ್ 1755ರಲ್ಲೂ ಲಾಪ್ಲಾಸ್ 1796ರಲ್ಲೂ ಬರೆದರು. ಇಬ್ಬರೂ ಕೂತಲ್ಲೇ ಯೋಚಿಸಿ ಬರೆದವರು. ಅಂಥ ಗ್ರಾಹಕರಿಗೆ ಈ ಯಂತ್ರದ ಅಗತ್ಯ ಬೀಳುವುದಿಲ್ಲ. ಉಳಿದವರು ಮುಂದೆ ಓದಿ.

ಯಂತ್ರವೆಂದರೆ ದೂರದ್ದನ್ನು ಹತ್ತಿರ ತಂದು ತೋರಿಸುವ ವಸ್ತು ಎಂದು ಹೆಚ್ಚಿನ ಗ್ರಾಹಕರು ತಿಳಿದಿರುತ್ತಾರೆ. ಈ ಯಂತ್ರದ ಕಸುಬು ಬೇರೆ: ಇದು ಕಳೆಯುತ್ತದೆ. ನಕ್ಷತ್ರದ ಬೆಳಕನ್ನು ಕಳೆಯಬೇಕು, ತಲೆಯ ಮೇಲಿನ ಗಾಳಿಯನ್ನು ಕಳೆಯಬೇಕು, ಗಾಳಿಯೊಳಗಿನ ನೀರಾವಿಯನ್ನು ಕಳೆಯಬೇಕು, ಯಂತ್ರದ ಸ್ವಂತ ಬಿಸಿಯನ್ನು ಕಳೆಯಬೇಕು. ಎಲ್ಲ ಕಳೆದ ಮೇಲೆ ಒಂದು ಚುಕ್ಕೆ ಉಳಿದರೆ, ಅದು ಗ್ರಹವೋ ಕಳೆಯುವಾಗ ಆದ ತಪ್ಪೋ ಎಂದು ವಿಚಾರಿಸಬೇಕು. ವಿನ್ಯಾಸದ ಖರ್ಚೆಲ್ಲ ಹೋಗುವುದು ಈ ಕೊನೆಯ ವಿಚಾರಣೆಗೆ.

ಎಚ್ಚರಿಕೆ: ಗ್ರಹವೊಂದು ಮೊದಲಿಂದ ಕೊನೆಯವರೆಗೆ ಹುಟ್ಟುವುದನ್ನು ಕೂತು ನೋಡುತ್ತೇನೆ ಎಂಬ ಆಸೆಯಿಂದ ಕೊಂಡವರು ಈಗಲೇ ಹಣ ವಾಪಸು ಪಡೆಯಿರಿ. ತಟ್ಟೆ ಬದುಕಿರುವುದೇ ಕೆಲವು ದಶಲಕ್ಷ ವರ್ಷ. ನಮ್ಮ ಯಾವ ಸಿಬ್ಬಂದಿಯೂ ಅಷ್ಟು ಕಾಲ ಸೇವೆಯಲ್ಲಿರುವುದಿಲ್ಲ. ಮಾಡಬಹುದಾದದ್ದು ಇಷ್ಟು. ಹತ್ತು ಲಕ್ಷ ವರ್ಷವೂ ತುಂಬದ ಎಚ್‌ಎಲ್ ಟೌ, ಐವತ್ತು ಲಕ್ಷ ದಾಟಿದ ಪಿಡಿಎಸ್ 70, ಎರಡು ಕೋಟಿ ದಾಟಿದ ಬೀಟಾ ಪಿಕ್ಟೋರಿಸ್, ಹೀಗೆ ಬೇರೆ ಬೇರೆ ವಯಸ್ಸಿನ ನಕ್ಷತ್ರಗಳನ್ನು ನೋಡಿ ಸಾಲಾಗಿಟ್ಟು ಕಥೆ ಹೊಂದಿಸಿಕೊಳ್ಳುವುದು. ಸಾಲು ತಪ್ಪಿದರೆ ಕಥೆಯೂ ತಪ್ಪುತ್ತದೆ.

ಜೋಡಿಸುವ ಮುನ್ನ ಒಂದು ಲೆಕ್ಕ

ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಎಳೆಯ ನಕ್ಷತ್ರಗಳು ನಮ್ಮ ನೆರೆಯಲ್ಲಿಲ್ಲ. ವೃಷಭ ರಾಶಿಯ ಕಡೆ ಇರುವ ಅವುಗಳ ದೊಡ್ಡ ಗುಂಪು ಸುಮಾರು 450 ಜ್ಯೋತಿರ್ವರ್ಷ ದೂರದಲ್ಲಿದೆ. ಅಷ್ಟು ದೂರದಲ್ಲಿ ಸೂರ್ಯನಿಂದ ಗುರುವಿಗಿರುವಷ್ಟು ಅಂತರವನ್ನು ಇಟ್ಟರೆ, ಅದು ಒಂದು ಡಿಗ್ರಿಯ ಒಂದು ಲಕ್ಷದಲ್ಲೊಂದು ಪಾಲಿನಷ್ಟು ಕಾಣುತ್ತದೆ. ಬರಿಗಣ್ಣು ಬಿಡಿಸಿ ನೋಡಬಲ್ಲದ್ದು ಡಿಗ್ರಿಯ ಅರವತ್ತರಲ್ಲೊಂದು ಪಾಲನ್ನು.

ಇನ್ನು ಯಾವ ಬೆಳಕಿನಲ್ಲಿ ನೋಡುವುದು? ಕಣ್ಣಿಗೆ ಕಾಣುವ ಬೆಳಕು ಇಂಥ ತಟ್ಟೆಯ ಒಳಕ್ಕೆ ಹೋಗುವುದಿಲ್ಲ, ಧೂಳೇ ಅಡ್ಡ. ಆದರೆ ಅದೇ ಧೂಳು ಸೊನ್ನೆಗಿಂತ 250 ಡಿಗ್ರಿ ಕೆಳಗಿನ ಚಳಿಯಲ್ಲೂ ತನ್ನಷ್ಟಕ್ಕೆ ಮಂದವಾಗಿ ಹೊಳೆಯುತ್ತಿರುತ್ತದೆ, ಮಿಲಿಮೀಟರ್ ಉದ್ದದ ಅಲೆಗಳಲ್ಲಿ. ಹಾಗಾಗಿ ಮಿಲಿಮೀಟರ್ ಅಲೆಗಳನ್ನು ಹಿಡಿಯಿರಿ. ತೊಂದರೆ ಎಂದರೆ, ಅಲೆ ಉದ್ದವಾದಷ್ಟೂ ಕನ್ನಡಿ ಅಗಲವಾಗಬೇಕು. ಮೇಲಿನ ಲೆಕ್ಕಕ್ಕೆ ಬೇಕಾಗುವ ಕನ್ನಡಿಯ ಅಗಲ ಆರೇಳು ಕಿಲೋಮೀಟರ್. ಅಂಥದ್ದನ್ನು ಎರಕ ಹೊಯ್ದು ಕೊಡುವವರು ಯಾರೂ ಇಲ್ಲ. ಆದ್ದರಿಂದ ಕನ್ನಡಿಯ ಬಹುಭಾಗವನ್ನು ಕಳೆದುಬಿಡಿ, ಅಲ್ಲಲ್ಲಿ ಚೂರು ಮಾತ್ರ ಇರಲಿ.

ಜಾಗ

ಜೋಡಣೆಗೆ ಶಿಫಾರಸು ಮಾಡಿರುವ ಜಾಗ ಚಿಲಿ ದೇಶದ ಉತ್ತರದಲ್ಲಿ, ಅಟಕಾಮಾ ಮರುಭೂಮಿಯ ಚಾಹ್ನಾಂತೊರ್ ಎಂಬ ಬಯಲು. ಎತ್ತರ 5,000 ಮೀಟರ್. ಅಲ್ಲಿ ತಲೆಯ ಮೇಲಿನ ಇಡೀ ಆಕಾಶದ ನೀರಾವಿಯನ್ನು ಹಿಂಡಿ ನೆಲಕ್ಕೆ ಸುರಿದರೂ ನಿಲ್ಲುವ ನೀರು ಒಂದು ಮಿಲಿಮೀಟರ್ ಆಸುಪಾಸು. ಮಿಲಿಮೀಟರ್ ಅಲೆಗಳಿಗೆ ನೀರಾವಿ ಬದ್ಧವೈರಿ. ಅದು ಅಲೆಗಳನ್ನು ನುಂಗುತ್ತದೆ, ನುಂಗದೆ ಬಿಟ್ಟದ್ದನ್ನು ತಡಮಾಡಿಸುತ್ತದೆ.

ಗಾಳಿ ಕಳೆದ ಜಾಗದಲ್ಲಿ ಜೋಡಿಸುವವರಿಗೂ ಗಾಳಿ ಇರುವುದಿಲ್ಲ. ಅಲ್ಲಿನ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಕೆಳಗೆ ಎರಡು ನಿಮಿಷದಲ್ಲಿ ಅರ್ಥವಾದ ವೈರಿಂಗ್ ನಕ್ಷೆ ಮೇಲೆ ಹೋದಾಗ ಅರ್ಥವಾಗದಿದ್ದರೆ ನಕ್ಷೆ ಬರೆದವನನ್ನು ಬೈಯಬೇಡಿ, ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಳ್ಳಿ. ಊಟ, ನಿದ್ದೆ, ರಿಪೇರಿ ಇವೆಲ್ಲ 2,900 ಮೀಟರಿನಲ್ಲಿರುವ ಶಿಬಿರದಲ್ಲಿ. ಮೇಲಿನ ಕಂಪ್ಯೂಟರುಗಳಿಗೂ ಇದೇ ಕಷ್ಟ. ತೆಳು ಗಾಳಿ ಅವುಗಳ ಬಿಸಿಯನ್ನು ಒಯ್ಯುವುದಿಲ್ಲ. ತಿರುಗುವ ಹಾರ್ಡ್ ಡಿಸ್ಕ್ ಅಂತೂ ಅಲ್ಲಿ ನಡೆಯುವುದೇ ಇಲ್ಲ. ಓದುವ ಸೂಜಿ ಡಿಸ್ಕಿಗೆ ತಾಗದಂತೆ ತಡೆಯುವುದೇ ಗಾಳಿಯ ಒಂದು ತೆಳು ಪದರ. ಹಾಗಾಗಿ ಡಿಸ್ಕ್ ಇಲ್ಲದ ಯಂತ್ರಗಳನ್ನೇ ಇಡಬೇಕು. ಭೂಕಂಪವೂ ಆ ನೆಲಕ್ಕೆ ಹೊಸದಲ್ಲ, ಕಪಾಟುಗಳನ್ನು ಬಿಗಿದು ಕಟ್ಟಿ.

ಜೋಡಣೆ

ಪಟ್ಟಿಯಲ್ಲಿರುವ ಸಾಮಾನು: 12 ಮೀಟರ್ ಅಗಲದ ಆಂಟೆನಾ 54, 7 ಮೀಟರಿನವು 12, ಒಟ್ಟು 66. ಇಷ್ಟೂ ಸೇರಿ ಆಲ್ಮಾ ಎನ್ನಿಸಿಕೊಳ್ಳುತ್ತವೆ. ಉದ್ಘಾಟನೆಯಾದದ್ದು 2013ರ ಮಾರ್ಚ್ 13ರಂದು, ಖರ್ಚು ಸುಮಾರು 140 ಕೋಟಿ ಡಾಲರ್. ಅಮೆರಿಕ, ಯುರೋಪ್, ಜಪಾನ್ ಮೂರೂ ಕಡೆಯವರು ತಮ್ಮ ತಮ್ಮ ಪಾಲಿನ ಆಂಟೆನಾಗಳನ್ನು ತಮ್ಮದೇ ವಿನ್ಯಾಸದಲ್ಲಿ ಮಾಡಿಸಿದರು. ಹಣ ಹಾಕಿದವರು ಮೂವರಾದಾಗ ವಿನ್ಯಾಸ ಒಂದೇ ಆಗುವುದಿಲ್ಲ ಎಂಬುದು ಭೌತಶಾಸ್ತ್ರಕ್ಕಿಂತ ಹಳೆಯ ನಿಯಮ. ಆದರೂ ಎಲ್ಲದರ ಮೇಲ್ಮೈ 25 ಮೈಕ್ರಾನಿಗಿಂತ ಹೆಚ್ಚು ತಪ್ಪಬಾರದು, ಅಂದರೆ ಕೂದಲೆಳೆಯ ಅರ್ಧ ದಪ್ಪಕ್ಕಿಂತ ಕಡಿಮೆ. ಅದೂ ಕಟ್ಟಡದೊಳಗಲ್ಲ, ಬಿಸಿಲು, ಗಾಳಿ, ಹಿಮ ಬೀಳುವ ಬಯಲಿನಲ್ಲಿ.

ಆಂಟೆನಾಗಳನ್ನು ಸಾಗಿಸಲು ಜರ್ಮನಿಯಲ್ಲಿ ಮಾಡಿಸಿದ ಎರಡು ವಾಹನಗಳಿವೆ. ಒಂದರ ಹೆಸರು ಒಟ್ಟೊ, ಇನ್ನೊಂದರದು ಲೋರೆ. ಒಂದೊಂದಕ್ಕೆ 28 ಚಕ್ರ, ತೂಕ 130 ಟನ್. ಇವು ನೂರು ಟನ್ ತೂಗುವ ಆಂಟೆನಾವನ್ನು ಎತ್ತಿಕೊಂಡು ಹೋಗಿ, ಕಾಂಕ್ರೀಟ್ ಪೀಠದ ಮೇಲೆ ಮಿಲಿಮೀಟರ್ ಲೆಕ್ಕದಲ್ಲಿ ಇಳಿಸುತ್ತವೆ. ಆಂಟೆನಾಗಳು ಒಂದೇ ಕಡೆ ಕೂರಬಾರದು ಎಂಬುದು ವಿನ್ಯಾಸದ ಜಾಣತನ. ಹತ್ತಿರ ಹತ್ತಿರ ಇಟ್ಟರೆ ದೊಡ್ಡ ಮಬ್ಬು ಆಕಾರಗಳು ಕಾಣುತ್ತವೆ, 16 ಕಿಲೋಮೀಟರ್ ದೂರಕ್ಕೆ ಹರಡಿದರೆ ಸೂಕ್ಷ್ಮ ವಿವರ ಕಾಣುತ್ತದೆ. ಹರಡಿದಾಗ ದೊಡ್ಡ ಆಕಾರಗಳು ಮಾಯವಾಗುತ್ತವೆ. ಎರಡೂ ಒಟ್ಟಿಗೆ ಬೇಕೆಂಬವರು ಎರಡು ಸಲ ನೋಡಬೇಕು. ಇನ್ನೂ ದೊಡ್ಡದು ಬೇಕೆಂಬವರಿಗಾಗಿಯೇ ಆ ಹನ್ನೆರಡು ಗಿಡ್ಡ ಆಂಟೆನಾಗಳನ್ನು ಒತ್ತೊತ್ತಾಗಿ ನಿಲ್ಲಿಸಿದೆ.

ಈಗ ಕಠಿಣವಾದ ಭಾಗ. ಪ್ರತಿ ಎರಡು ಆಂಟೆನಾಗಳ ಜೋಡಿ ಚಿತ್ರ ಕೊಡುವುದಿಲ್ಲ, ಒಂದು ಸಂಖ್ಯೆ ಕೊಡುತ್ತದೆ: ಆಕಾಶದ ಆ ತುಣುಕಿನಲ್ಲಿ ಇಂತಿಷ್ಟು ಅಗಲದ, ಇಂಥ ದಿಕ್ಕಿನ ಪಟ್ಟೆಗಳು ಎಷ್ಟಿವೆ ಎಂಬ ಸಂಖ್ಯೆ. ಐವತ್ತು ಆಂಟೆನಾ ಇದ್ದರೆ ಜೋಡಿಗಳು 1,225. ಭೂಮಿ ತಿರುಗಿದಂತೆ ಪ್ರತಿ ಜೋಡಿಯೂ ಬೇರೆ ಕೋನದಿಂದ ನೋಡುವುದರಿಂದ ಸಂಖ್ಯೆಗಳು ಬೆಳೆಯುತ್ತ ಹೋಗುತ್ತವೆ. ಈ ಸಂಖ್ಯೆಗಳಿಂದ ಚಿತ್ರವನ್ನು ಲೆಕ್ಕ ಹಾಕಿ ತೆಗೆಯಬೇಕು. ನಡುವೆ ಅಳೆಯದೇ ಬಿಟ್ಟದ್ದು ಬೇಕಾದಷ್ಟಿರುತ್ತದೆ. ಅಲ್ಲಿ ಏನಿತ್ತೆಂದು ಗಣಿತ ಊಹಿಸುತ್ತದೆ. ಪತ್ರಿಕೆಯಲ್ಲಿ ಅಚ್ಚಾಗುವ ಸುಂದರ ಚಿತ್ರ ಫೋಟೊ ಅಲ್ಲ, ಒಪ್ಪಬಹುದಾದ ಒಂದು ಉತ್ತರ. ಇದನ್ನು ಗ್ರಾಹಕರಿಗೆ ಹೇಳಬೇಡಿ ಎಂದು ಪ್ರಚಾರ ವಿಭಾಗದವರು ಕೋರಿದ್ದಾರೆ, ಕೈಪಿಡಿಯಾದ್ದರಿಂದ ಹೇಳಲೇಬೇಕು.

ಜೋಡಿಗಳು ಕೆಲಸ ಮಾಡಬೇಕಾದರೆ ಎಲ್ಲ ಆಂಟೆನಾಗಳೂ ಒಂದೇ ಅಲೆಯ ಒಂದೇ ಏರಿಳಿತವನ್ನು ಒಂದೇ ಕ್ಷಣಕ್ಕೆ ಸರಿಹೊಂದಿಸಿಕೊಂಡು ಕೇಂದ್ರಕ್ಕೆ ಒಪ್ಪಿಸಬೇಕು. ಊರಿನ ಐವತ್ತು ಬೀದಿಗಳಲ್ಲಿ ಐವತ್ತು ಭಜನಾ ಮಂಡಳಿಗಳು ಹಾಡುತ್ತಿವೆ, ಒಬ್ಬರ ತಾಳ ಇನ್ನೊಬ್ಬರಿಗೆ ಕೇಳಿಸುವುದಿಲ್ಲ, ಆದರೂ ಗುಡಿಯಲ್ಲಿ ಕೂತವನಿಗೆ ಒಂದೇ ತಾಳ ಬೀಳಬೇಕು, ಹಾಗೆ. ತಾಳ ತಪ್ಪಿಸುವುದು ಮತ್ತೆ ನೀರಾವಿಯೇ. ಒಂದು ಆಂಟೆನಾದ ಮೇಲೆ ಒಂದು ಮಿಲಿಮೀಟರಿನಷ್ಟು ನೀರಾವಿ ಹೆಚ್ಚಾದರೆ ಅಲೆಯ ದಾರಿ ಆರು ಮಿಲಿಮೀಟರಿಗೂ ಹೆಚ್ಚು ಉದ್ದವಾದಂತೆ. ಅಲೆಯೇ ಇರುವುದು ಒಂದು ಮಿಲಿಮೀಟರ್. ಆದ್ದರಿಂದ ಪ್ರತಿ ದೊಡ್ಡ ಆಂಟೆನಾದೊಳಗೂ ತನ್ನ ತಲೆಯ ಮೇಲಿನ ನೀರಾವಿಯನ್ನು 183 ಗಿಗಾಹರ್ಟ್ಸ್‌ನಲ್ಲಿ ಸದಾ ಅಳೆಯುವ ಪುಟ್ಟ ಉಪಕರಣವನ್ನು ಕೂರಿಸಿ, ಆ ಅಳತೆಯಷ್ಟನ್ನು ಕಳೆಯಿರಿ. ರಿಸೀವರುಗಳನ್ನು ಸೊನ್ನೆಗಿಂತ 269 ಡಿಗ್ರಿ ಕೆಳಗೆ ತಂಪು ಮಾಡಿ, ಇಲ್ಲದಿದ್ದರೆ ಅವು ತಮ್ಮದೇ ಬಿಸಿಯ ಗದ್ದಲ ಕೇಳಿಸಿಕೊಳ್ಳುತ್ತ ಕೂರುತ್ತವೆ. ಎಲ್ಲವನ್ನೂ ಒಟ್ಟುಗೂಡಿಸುವ ಕೇಂದ್ರ ಯಂತ್ರದಲ್ಲಿ 13.4 ಕೋಟಿ ಪ್ರೊಸೆಸರುಗಳು, ಸೆಕೆಂಡಿಗೆ 17,000 ಲಕ್ಷ ಕೋಟಿ ಲೆಕ್ಕ. ಅದು ಈ ಒಂದು ಕೆಲಸ ಬಿಟ್ಟು ಬೇರೆ ಯಾವುದನ್ನೂ ಮಾಡಲಾರದು. ಅದರಲ್ಲಿ ಪತ್ರ ಟೈಪ್ ಮಾಡಲು ಹೋಗಬೇಡಿ.

ಸೊನ್ನೆ ಹೊಂದಿಸುವುದು

ಯಾವ ತಕ್ಕಡಿಯನ್ನಾದರೂ ಮೊದಲು ಗೊತ್ತಿರುವ ತೂಕದಿಂದ ಪರೀಕ್ಷಿಸಬೇಕು. ಆಕಾಶದಲ್ಲಿ ಅಂಥ ತೂಕದ ಕಲ್ಲೆಂದು ಬಹುಕಾಲ ನಂಬಿದ್ದು ಅಭಿಜಿತ್ ನಕ್ಷತ್ರವನ್ನು. 1983ರಲ್ಲಿ ಹಾರಿಸಿದ ಐರಾಸ್ ಎಂಬ ಉಪಗ್ರಹ ತನ್ನ ಅವಕೆಂಪು ಅಳತೆಗಳನ್ನು ಸರಿಹೊಂದಿಸಲು ಅಭಿಜಿತ್ ಕಡೆ ತಿರುಗಿತು. ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಶಾಖ ಬರುತ್ತಿತ್ತು. ಉಪಕರಣ ಕೆಟ್ಟಿದೆಯೇ ಎಂದು ನೋಡಿದರು. ಕೆಟ್ಟಿರಲಿಲ್ಲ, ನಕ್ಷತ್ರದ ಸುತ್ತ ಧೂಳಿತ್ತು. ಬೇರೊಂದು ನಕ್ಷತ್ರದ ಸುತ್ತ ಗ್ರಹಗಳ ಕಚ್ಚಾ ಸಾಮಗ್ರಿ ಇದೆಯೆಂಬ ಮೊದಲ ಗಟ್ಟಿ ಸುಳಿವು ಸಿಕ್ಕಿದ್ದು ಹೀಗೆ, ತಕ್ಕಡಿಯ ಕಲ್ಲನ್ನೇ ಅನುಮಾನಿಸಿ. ಸೊನ್ನೆ ಹೊಂದದಿದ್ದಾಗ ಗುಂಡಿ ಒತ್ತಿ ಸರಿಮಾಡುವ ಮುನ್ನ ಒಂದು ದಿನ ಕಾಯುವುದು ಲೇಸು.

ಮೊದಲ ಬಾರಿ ಚಾಲೂ ಮಾಡುವುದು

ಆಲ್ಮಾದ ಆಂಟೆನಾಗಳನ್ನು ಹದಿನೈದು ಕಿಲೋಮೀಟರ್‌ವರೆಗೆ ಹರಡಿ ಪರೀಕ್ಷಿಸಿದ್ದು 2014ರ ಕೊನೆಯ ತಿಂಗಳುಗಳಲ್ಲಿ. ಪರೀಕ್ಷೆಗೆ ಆರಿಸಿದ ಗುರಿಗಳಲ್ಲೊಂದು ಎಚ್‌ಎಲ್ ಟೌ. ರೋಹಿಣಿ ನಕ್ಷತ್ರವನ್ನು ಗುರುತಿಸಬಲ್ಲವರು ಆಕಾಶದಲ್ಲಿ ಆ ಜಾಗವನ್ನು ಸುಲಭವಾಗಿ ಹಿಡಿಯಬಹುದು, ಅಲ್ಲಿಂದ ಎರಡೇ ಡಿಗ್ರಿ ಆಚೆ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಆ ನಕ್ಷತ್ರ ತಾನು ಹುಟ್ಟಿದ ಧೂಳಿನಲ್ಲೇ ಇನ್ನೂ ಹೂತುಕೊಂಡಿದೆ.

ಅಷ್ಟು ಎಳೆಯ ತಟ್ಟೆ ನುಣುಪಾಗಿ, ಒಂದೇ ಸಮನಾಗಿ ಇರಬೇಕಿತ್ತು. ಗ್ರಹಗಳಿಗೆ ಅದು ತೀರಾ ಬೇಗ. ನವೆಂಬರ್ 6ರಂದು ಬಿಡುಗಡೆಯಾದ ಚಿತ್ರದಲ್ಲಿ ಒಂದರೊಳಗೊಂದು ಹೊಳೆವ ಉಂಗುರಗಳು, ನಡುನಡುವೆ ಕಪ್ಪು ಸಂದುಗಳು ಇದ್ದವು. ಅಂಥ ಚಿತ್ರಗಳು ಅದುವರೆಗೆ ಕಂಪ್ಯೂಟರಿನಲ್ಲಿ ಗ್ರಹ ಬೆಳೆಸುವವರ ಲೇಖನಗಳಲ್ಲಷ್ಟೇ ಕಾಣುತ್ತಿದ್ದವು. ಪರೀಕ್ಷೆಗೆಂದು ಚಾಲೂ ಮಾಡಿದ ಯಂತ್ರವೇ ಗ್ರಹವಿಜ್ಞಾನದ ವೇಳಾಪಟ್ಟಿಯನ್ನು ಕೆಡಿಸಿತು. ನನ್ನ ಮಟ್ಟಿಗೆ ಈ ಶತಮಾನದಲ್ಲಿ ಆಕಾಶದಿಂದ ಬಂದ ಚಿತ್ರಗಳಲ್ಲಿ ಇದಕ್ಕೆ ಸಮನಾದದ್ದು ಹೆಚ್ಚಿಲ್ಲ. ಕಪ್ಪುಕುಳಿಯ ಚಿತ್ರಕ್ಕೆ ಸಿಕ್ಕ ಮೆರವಣಿಗೆ ಇದಕ್ಕೆ ಸಿಗಲಿಲ್ಲ ಅಷ್ಟೇ.

ಆದರೆ ಸಂಭ್ರಮ ಪಡುವ ಗ್ರಾಹಕರು ಗಮನಿಸಿ: ಸಂದು ಕಂಡಿದೆ, ಗ್ರಹ ಕಂಡಿಲ್ಲ. ಗ್ರಹವೊಂದು ತನ್ನ ದಾರಿಯ ಧೂಳನ್ನು ಗುಡಿಸಿದರೆ ಸಂದಾಗುತ್ತದೆ, ಸರಿ. ಆದರೆ ತಟ್ಟೆಯಲ್ಲಿ ಒಂದೊಂದು ಅನಿಲ ಹಿಮವಾಗುವ ಗಡಿಯಲ್ಲಿ ಧೂಳಿನ ಗುಣ ಬದಲಾದರೂ ಉಂಗುರ ಮೂಡಬಹುದು, ಕಾಂತಕ್ಷೇತ್ರಗಳು ಅನಿಲವನ್ನು ಅಲ್ಲಲ್ಲಿ ಒತ್ತರಿಸಿದರೂ ಮೂಡಬಹುದು. ಹೀಗೆ ವಾದಿಸುವವರು ಹುಡುಗಾಟದವರಲ್ಲ. ಯಂತ್ರ ಖಾಲಿ ಜಾಗವನ್ನು ತೋರಿಸಿತು; ಖಾಲಿ ಮಾಡಿದವರು ಯಾರೆಂದು ಅದು ಹೇಳುವುದಿಲ್ಲ.

ಹೇಳಿಸಲು ಒಂದು ಉಪಾಯವಿದೆ. ಧೂಳನ್ನು ಬಿಟ್ಟು ಅನಿಲವನ್ನು ನೋಡಿ. ಕಾರ್ಬನ್ ಮಾನಾಕ್ಸೈಡ್ ನಿಗದಿತ ಅಲೆಗಳಲ್ಲಷ್ಟೇ ಹೊಳೆಯುವುದರಿಂದ, ಆ ಅಲೆ ಎಷ್ಟು ಸರಿದಿದೆ ಎಂದು ಅಳೆದು ತಟ್ಟೆಯ ಯಾವ ಭಾಗ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಹೇಳಬಹುದು. ತಿರುಗಬೇಕಾದ ವೇಗವನ್ನು ಕಳೆದರೆ ಉಳಿಯುವುದು ಸೊನ್ನೆಯಾಗಬೇಕು. ಎಚ್‌ಡಿ 163296 ಎಂಬ ನಕ್ಷತ್ರದ ತಟ್ಟೆಯಲ್ಲಿ ಅದು ಸೊನ್ನೆಯಾಗಲಿಲ್ಲ. ಏನೋ ಒಂದು ಅನಿಲವನ್ನು ಎಳೆದು ತಳ್ಳುತ್ತಿರುವ ಗುರುತು 2018ರಲ್ಲಿ ಎರಡು ಬೇರೆ ಬೇರೆ ತಂಡಗಳಿಗೆ ಸಿಕ್ಕಿತು. ಗುರುವಿನಷ್ಟೋ ಅದಕ್ಕಿಂತ ಹೆಚ್ಚೋ ತೂಕದ ಗ್ರಹಗಳಿದ್ದರೆ ಲೆಕ್ಕ ಕೂಡುತ್ತದೆ. ಗ್ರಹವೇ ಕಾಣದೆ ಗ್ರಹವನ್ನು ತೂಗಿದ ಈ ಕ್ರಮ ನನಗೆ ಉಳಿದೆಲ್ಲಕ್ಕಿಂತ ಇಷ್ಟ, ಇದರಲ್ಲಿ ಕಣ್ಣಿನ ಪಾತ್ರ ಬಹಳ ಕಡಿಮೆ.

ಈ ಯಂತ್ರ ತೋರಿಸದಿರುವ ಭಾಗ

ಒಂದು ಮಿಲಿಮೀಟರಿನ ಹರಳು ಕಾಣುತ್ತದೆ, ಬೆಳೆದ ಗ್ರಹವೂ ಒಮ್ಮೊಮ್ಮೆ ಕಾಣುತ್ತದೆ. ನಡುವೆ ಬರುವ ಕಲ್ಲು, ಬಂಡೆ, ಗುಡ್ಡಗಳು ಯಾವ ಮಾದರಿಯಲ್ಲೂ ಕಾಣುವುದಿಲ್ಲ. ಇದು ಸಣ್ಣ ಕೊರತೆಯಲ್ಲ, ಕಥೆ ಸಿಕ್ಕುಬೀಳುವುದೇ ಅಲ್ಲಿ. ಮೀಟರ್ ಗಾತ್ರದ ಬಂಡೆಗೆ ತಟ್ಟೆಯ ಅನಿಲ ಎದುರುಗಾಳಿಯಾಗಿ ಬೀಸುತ್ತದೆ, ಬಂಡೆ ವೇಗ ಕಳೆದುಕೊಂಡು ಸುತ್ತುತ್ತ ನಕ್ಷತ್ರದೊಳಕ್ಕೆ ಬೀಳುತ್ತದೆ. 1977ರಲ್ಲಿ ವಿಜ್ಞಾನಿ ವೈಡನ್‌ಶಿಲಿಂಗ್ ಹಾಕಿದ ಲೆಕ್ಕದ ಪ್ರಕಾರ ಭೂಮಿಯ ದೂರದಲ್ಲಿ ಇದಕ್ಕೆ ನೂರು ವರ್ಷದಷ್ಟೇ ಸಾಕು. ಆ ಲೆಕ್ಕ ಪೂರ್ತಿ ನಿಜವಾಗಿದ್ದರೆ ಈ ಕೈಪಿಡಿಯನ್ನು ಓದಲು ಭೂಮಿಯೇ ಇರುತ್ತಿರಲಿಲ್ಲ. ಬೀಳುವ ಧೂಳನ್ನು ತಡೆದು ನಿಲ್ಲಿಸುವ ಜಾಗಗಳು ತಟ್ಟೆಯಲ್ಲಿ ಇರಬೇಕೆಂದು ಊಹಿಸಿದ್ದರು. 2013ರಲ್ಲಿ ನಿಂಕೆ ವಾನ್ ಡೆರ್ ಮರೆಲ್ ಅವರ ತಂಡ ಉರಗಧರ ಪುಂಜದ ಒಂದು ನಕ್ಷತ್ರದ ಸುತ್ತ, ದೊಡ್ಡ ಹರಳುಗಳೆಲ್ಲ ಒಂದೇ ಬದಿಗೆ ಸಿಕ್ಕಿಕೊಂಡಿರುವುದನ್ನು ಆಲ್ಮಾದಿಂದ ಕಂಡಿತು. ಬಲೆ ಇದೆ. ಬಲೆಯಲ್ಲಿ ಬಂಡೆಗಳು ಬೆಳೆಯುತ್ತಿವೆಯೇ ಎಂದು ಕೇಳಿದರೆ ಯಂತ್ರ ಮೌನ.

ಎರಡನೇ ಮಾದರಿ: ಗ್ರಹವನ್ನೇ ನೋಡಬೇಕೆಂಬವರಿಗೆ

ಸೂರ್ಯನಂಥ ನಕ್ಷತ್ರದ ಪಕ್ಕ ಗುರುವಿನಂಥ ಗ್ರಹ ಕಣ್ಣಿಗೆ ಕಾಣುವ ಬೆಳಕಿನಲ್ಲಿ ನೂರು ಕೋಟಿಯಲ್ಲೊಂದು ಪಾಲು ಹೊಳೆಯುತ್ತದೆ. ಆದರೆ ಆಗಷ್ಟೇ ಹುಟ್ಟಿದ ಗ್ರಹ ಬಿಸಿಯಾಗಿರುತ್ತದೆ, ಅವಕೆಂಪಿನಲ್ಲಿ ನೋಡಿದರೆ ಅಂತರ ಸಾವಿರ, ಹತ್ತು ಸಾವಿರ, ಲಕ್ಷ ಎಂಬ ಲೆಕ್ಕಕ್ಕೆ ಇಳಿಯುತ್ತದೆ. ಎಳೆಯ ಗ್ರಹವನ್ನೇ ಹುಡುಕುವವರಿಗೆ ಪ್ರಕೃತಿ ಕೊಟ್ಟ ಒಂದೇ ರಿಯಾಯಿತಿ ಇದು.

ನಕ್ಷತ್ರವನ್ನು ಮರೆಮಾಡುವ ಭಾಗಕ್ಕೆ ಕರೋನಾಗ್ರಾಫ್ ಎಂದು ಹೆಸರು. ಇದನ್ನು ಕಂಡುಹಿಡಿದ ಫ್ರಾನ್ಸಿನ ಬರ್ನಾರ್ ಲಿಯೋ 1930ರಲ್ಲಿ ಪಿರನೀಸ್ ಪರ್ವತದ ಪಿಕ್ ದು ಮಿದಿ ಶಿಖರದಲ್ಲಿ ನಿಂತು, ಗ್ರಹಣಕ್ಕೆ ಕಾಯದೆ ಸೂರ್ಯನ ಕರೋನಾ ನೋಡಿದ. ಬಿಂಬದ ಮೇಲೆ ಒಂದು ಬಿಲ್ಲೆ ಇಟ್ಟರೆ ಸಾಲದು ಎಂದು ಅವನಿಗೆ ಗೊತ್ತಾಗಿತ್ತು. ಲೆನ್ಸಿನ ಅಂಚು ಬೆಳಕನ್ನು ಬಾಗಿಸಿ ಒಳಗೆ ಚೆಲ್ಲುತ್ತದೆ, ಆದ್ದರಿಂದ ಆ ಅಂಚಿನ ಬಿಂಬವನ್ನು ಹಿಂದೆ ಇನ್ನೊಂದು ತಡೆಯಿಂದ ಕತ್ತರಿಸಬೇಕು. ಇಂದಿಗೂ ಆ ತಡೆಗೆ ಅವನದೇ ಹೆಸರು. ಗ್ರಹಣದ ಹಂಗನ್ನು ತಪ್ಪಿಸಿದ ಈ ಮನುಷ್ಯ 1952ರಲ್ಲಿ ತೀರಿಕೊಂಡದ್ದು ಸುಡಾನಿನಲ್ಲಿ ಗ್ರಹಣ ನೋಡಿ ವಾಪಸಾಗುವ ದಾರಿಯಲ್ಲಿ. ಸೂರ್ಯನಿಗೆ ಮಾಡಿದ್ದನ್ನೇ 1984ರಲ್ಲಿ ಸ್ಮಿತ್ ಮತ್ತು ಟೆರಿಲ್ ಎಂಬ ಖಗೋಳಜ್ಞರು ಚಿಲಿಯ ಲಾಸ್ ಕಂಪಾನಸ್‌ನಲ್ಲಿ ಬೀಟಾ ಪಿಕ್ಟೋರಿಸ್‌ಗೆ ಮಾಡಿ, ಬದಿಯಿಂದ ಕಾಣುವ ಅದರ ಧೂಳಿನ ತಟ್ಟೆಯನ್ನು ಜಗತ್ತಿಗೆ ತೋರಿಸಿದರು. ಕರೋನಾಗ್ರಾಫ್ ಜೋಡಣೆ ಹತ್ತಿರದಿಂದ ಬಲ್ಲವರು ಬೇಕೆಂದರೆ ಹೊಸಕೋಟೆಯಲ್ಲಿ ವಿಚಾರಿಸಬಹುದು: 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ಎಲ್1 ನೌಕೆಯ ಕರೋನಾಗ್ರಾಫ್ ಸಿದ್ಧವಾದದ್ದು ಅಲ್ಲಿ, ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ. ಅದು ನೋಡುವುದು ನಮ್ಮ ಸೂರ್ಯನನ್ನೇ, ಗ್ರಹಶಿಶುಗಳನ್ನಲ್ಲ. ತಂತ್ರದ ಮೂಲ ಮಾತ್ರ ಒಂದೇ.

ನೆಲದ ಮೇಲಿನ ಮಾದರಿಗೆ ಇನ್ನೊಂದು ಭಾಗ ಬೇಕು. ಗಾಳಿ ಕಲಕಿ ನಕ್ಷತ್ರದ ಬಿಂಬವನ್ನು ಚೂರುಚೂರು ಮಾಡುತ್ತದೆ, ಆ ಚೂರುಗಳಲ್ಲಿ ಒಂದೊಂದೂ ಗ್ರಹದಂತೆಯೇ ಕಾಣುತ್ತದೆ. ಪರನಾಲ್ ಬೆಟ್ಟದ 8.2 ಮೀಟರ್ ದೂರದರ್ಶಕಕ್ಕೆ 2014ರಲ್ಲಿ ಕೂರಿಸಿದ ಸ್ಫಿಯರ್ ಎಂಬ ಉಪಕರಣದಲ್ಲಿ ಒಂದು ಬಾಗುವ ಕನ್ನಡಿ ಇದೆ. ಹಿಂದಿನಿಂದ 1,300ಕ್ಕೂ ಹೆಚ್ಚು ಪುಟ್ಟ ಕಡ್ಡಿಗಳು ಅದನ್ನು ಒತ್ತಿ ಎಳೆದು, ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಆಕಾರ ಬದಲಿಸುತ್ತವೆ, ಗಾಳಿ ಎಷ್ಟು ಕೆಡಿಸಿತೋ ಅಷ್ಟನ್ನು ತಿರುವುಮುರುವಾಗಿ ಸರಿಪಡಿಸುತ್ತವೆ. ಹೀಗೆ ಮಾಡಬಹುದೆಂದು ಖಗೋಳಜ್ಞ ಹೊರೇಸ್ ಬ್ಯಾಬ್‌ಕಾಕ್ 1953ರಲ್ಲೇ ಬರೆದಿದ್ದರು. ಮಾಡಬಲ್ಲ ಕಂಪ್ಯೂಟರುಗಳಿಗಾಗಿ ದಶಕಗಳು ಕಾಯಬೇಕಾಯಿತು. ಗಾಳಿಯ ಸಹವಾಸವೇ ಬೇಡ ಎಂಬವರಿಗೆ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ಜೇಮ್ಸ್ ವೆಬ್ ದೂರದರ್ಶಕ ಇದೆ. ಅದಕ್ಕೆ ರಿಪೇರಿ ಸೇವೆ ಲಭ್ಯವಿಲ್ಲ.

ಕಳೆಯುವಾಗ ಎಚ್ಚರ

ಮರೆಮಾಡಿ, ಸರಿಪಡಿಸಿದ ಮೇಲೂ ನಕ್ಷತ್ರದ ಬೆಳಕಿನ ಚುಕ್ಕೆಗಳು ಉಳಿಯುತ್ತವೆ. ಅವುಗಳ ಹುಟ್ಟು ಯಂತ್ರದೊಳಗೆ. ಅದಕ್ಕೊಂದು ಸೊಗಸಾದ ಉಪಾಯವಿದೆ. ರಾತ್ರಿ ಕಳೆದಂತೆ ಆಕಾಶ ಯಂತ್ರದ ಕಣ್ಣೆದುರು ತಿರುಗುತ್ತದೆ, ಯಂತ್ರದ ಚುಕ್ಕೆಗಳು ಇದ್ದಲ್ಲೇ ಇರುತ್ತವೆ. ಬಹಳ ಚಿತ್ರ ತೆಗೆಯಿರಿ, ತಿರುಗದೆ ಉಳಿದದ್ದನ್ನೆಲ್ಲ ಕಳೆಯಿರಿ, ತಿರುಗಿದ್ದು ಗ್ರಹ. ಎಚ್‌ಆರ್ 8799 ಎಂಬ ನಕ್ಷತ್ರದ ಗ್ರಹಗಳು 2008ರಲ್ಲಿ ಸಿಕ್ಕಿದ್ದು ಹೀಗೆ.

ಆದರೆ ತಟ್ಟೆ ಇರುವ ಕಡೆ ಈ ಉಪಾಯ ತಿರುಗಿಬೀಳುತ್ತದೆ. ಎದುರಿನಿಂದ ಕಾಣುವ ಗುಂಡನೆಯ ತಟ್ಟೆಯನ್ನು ಎಷ್ಟು ತಿರುಗಿಸಿದರೂ ಹಾಗೇ ಕಾಣುವುದರಿಂದ ಯಂತ್ರ ಅದನ್ನೂ ಕಳೆದು ಎಸೆಯುತ್ತದೆ. ಓರೆಯಾದ ತಟ್ಟೆಯನ್ನು ಅರ್ಧಂಬರ್ಧ ಕಳೆದು, ಉಳಿದ ಅಂಚನ್ನು ಹೊಳೆಯುವ ಚುಕ್ಕೆಯಾಗಿ ಮುಂದಿಡುತ್ತದೆ. ಎಲ್‌ಕೆ‌ಸಿಎ 15 ಎಂಬ ನಕ್ಷತ್ರದ ಬಳಿ ಹುಟ್ಟುತ್ತಿರುವ ಗ್ರಹ ಸಿಕ್ಕಿತೆಂದು 2011ರಲ್ಲಿ ಬೇರೆ ವಿಧಾನವೊಂದರಿಂದ ಸುದ್ದಿಯಾಯಿತು, 2015ರಲ್ಲಿ ಅದಕ್ಕೆ ಬೆಂಬಲವೂ ಬಂತು. 2019ರಲ್ಲಿ ಇನ್ನೊಂದು ತಂಡ ನೋಡಿ, ಅದು ಒಳಗಿನ ತಟ್ಟೆಯ ಬೆಳಕಿರಬೇಕು ಎಂದಿತು. ಫೊಮಲ್ಹೋಟ್ ನಕ್ಷತ್ರದ್ದು ಇನ್ನೂ ಪಾಪದ ಕಥೆ. ಹಬಲ್ ದೂರದರ್ಶಕ ತೆಗೆದ ಚಿತ್ರಗಳಲ್ಲಿ ಕಂಡ ಚುಕ್ಕೆಯನ್ನು 2008ರಲ್ಲಿ ಗ್ರಹವೆಂದು ಸಾರಿದರು. 2015ರಲ್ಲಿ ಜನರ ಮತ ಪಡೆದು ಡೇಗನ್ ಎಂದು ನಾಮಕರಣವೂ ಆಯಿತು. ನಾಮಕರಣದ ಹಿಂದಿನ ವರ್ಷದ ಚಿತ್ರಗಳಲ್ಲೇ ಕೂಸು ಕಾಣೆಯಾಗಿತ್ತು; 2020ರಲ್ಲಿ ಹಳೆಯ ಚಿತ್ರಗಳನ್ನು ಕೂಡಿಸಿ ನೋಡಿದವರು, ಎರಡು ದೊಡ್ಡ ಹಿಮಬಂಡೆಗಳು ಡಿಕ್ಕಿಯಾಗಿ ಎದ್ದ ಧೂಳು ಹರಡಿ ಕರಗಿರಬೇಕು ಎಂದರು. ಡಿಕ್ಕಿಯನ್ನು ಕಂಡದ್ದು ಗ್ರಹ ಕಂಡದ್ದಕ್ಕಿಂತ ಅಪರೂಪದ ಭಾಗ್ಯ, ಆದರೆ ಹೆಸರಿಟ್ಟವರಿಗೆ ಹಾಗನ್ನಿಸಿರಲಾರದು.

ಆದ್ದರಿಂದ ಒಂದೇ ಯಂತ್ರದ ಮಾತು ನಂಬಬೇಡಿ. ಕಿನ್ನರ ಪುಂಜದಲ್ಲಿ ಸುಮಾರು 370 ಜ್ಯೋತಿರ್ವರ್ಷ ದೂರದ ಪಿಡಿಎಸ್ 70 ಇಲ್ಲಿ ಮಾದರಿ. ಅದರ ತಟ್ಟೆಯ ದೊಡ್ಡ ಸಂದಿನೊಳಗೆ 2018ರಲ್ಲಿ ಸ್ಫಿಯರ್ ಒಂದು ಚುಕ್ಕೆ ಕಂಡಿತು. ಸೂರ್ಯನಿಂದ ಯುರೇನಸ್ ಇರುವಷ್ಟು ದೂರ, ಸಾವಿರ ಡಿಗ್ರಿ ಬಿಸಿ. ಹಳೆಯ ಚಿತ್ರಗಳಲ್ಲೂ, ಬೇರೆ ಉಪಕರಣಗಳಲ್ಲೂ ಅದೇ ಚುಕ್ಕೆ ಇತ್ತು. ಗ್ರಹದ ಮೇಲೆ ಬೀಳುತ್ತಿರುವ ಹೈಡ್ರೋಜನ್ 656 ನ್ಯಾನೊಮೀಟರಿನ ಕೆಂಪಿನಲ್ಲಿ ಹೊಳೆಯಬೇಕು. ಆ ಕೆಂಪೂ ಸಿಕ್ಕಿತು. ಮರುವರ್ಷ ಪರನಾಲ್‌ನ ಮ್ಯೂಸ್ ಎಂಬ ಉಪಕರಣ ನಕ್ಷತ್ರದ ಬಣ್ಣಗಳನ್ನೆಲ್ಲ ಕಳೆದಾಗ ಅದೇ ಕೆಂಪಿನ ಎರಡನೇ ಚುಕ್ಕೆ ಉಳಿಯಿತು. 2021ರಲ್ಲಿ ಮಿರಿಯಂ ಬೆನಿಸ್ಟಿ ಅವರ ತಂಡ ಆಲ್ಮಾವನ್ನು ಅತ್ತ ತಿರುಗಿಸಿ, ಆ ಎರಡನೇ ಗ್ರಹಕ್ಕೆ ತನ್ನದೇ ಧೂಳಿನ ತಟ್ಟೆ ಇರುವುದನ್ನು ಬೇರ್ಪಡಿಸಿ ತೋರಿಸಿತು. ಅದರಲ್ಲಿ ನಮ್ಮ ಚಂದ್ರನಂಥವು ಮೂರು ಆಗುವಷ್ಟು ಸಾಮಗ್ರಿ ಇದೆ. ಧೂಳು ನೋಡುವ ಮಾದರಿಯೂ ಗ್ರಹ ನೋಡುವ ಮಾದರಿಯೂ ಒಂದೇ ಜಾಗಕ್ಕೆ ಬೆರಳು ತೋರಿಸಿದ್ದರಿಂದ ಇಲ್ಲಿ ಜಗಳ ಮುಗಿಯಿತು.

ದೋಷ ಮತ್ತು ಪರಿಹಾರ

ಚಿತ್ರ ಮಬ್ಬಾಗಿದ್ದರೆ: ನೀರಾವಿ ನೋಡಿ. ಚಿತ್ರ ಅತಿ ಸುಂದರವಾಗಿದ್ದರೆ: ಲೆಕ್ಕ ಮತ್ತೆ ಮಾಡಿ. ಚಿತ್ರವೇ ಬರದಿದ್ದರೆ: ಕಾರಣ ಆಕಾಶದಲ್ಲಿ ಇರಲಿಕ್ಕಿಲ್ಲ. ಆಲ್ಮಾ 2013ರ ಆಗಸ್ಟ್‌ನಲ್ಲಿ ನಿಂತದ್ದು ಸಿಬ್ಬಂದಿ ಮುಷ್ಕರದಿಂದ, 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ, 2022ರ ಅಕ್ಟೋಬರ್ 29ರಂದು ಕಂಪ್ಯೂಟರ್ ಕನ್ನಗಳ್ಳರಿಂದ. ಕೊನೆಯದರಿಂದ ಚೇತರಿಸಿಕೊಂಡು ಮತ್ತೆ ಆಕಾಶ ನೋಡಲು ಡಿಸೆಂಬರ್ ಬಂತು. 183 ಗಿಗಾಹರ್ಟ್ಸ್ ಉಪಕರಣ ಇವುಗಳಲ್ಲಿ ಯಾವುದನ್ನೂ ಅಳೆಯುವುದಿಲ್ಲ.

ಬಳಕೆಗೆ ಅರ್ಜಿ

ಜೋಡಿಸಿದವರೆಂಬ ಕಾರಣಕ್ಕೆ ನಿಮಗೆ ಯಂತ್ರ ಸಿಗುವುದಿಲ್ಲ. ಏನು ನೋಡಬೇಕು, ಏಕೆ, ಎಷ್ಟು ಹೊತ್ತು ಎಂದು ಕಾರಣಸಹಿತ ಬರೆದು ಅರ್ಜಿ ಹಾಕಬೇಕು. ಅರ್ಜಿಯಲ್ಲಿ ನಿಮ್ಮ ಹೆಸರು ಎಲ್ಲೂ ಕಾಣಬಾರದು, ನಾನು ಹಿಂದೆ ತೋರಿಸಿಕೊಟ್ಟಂತೆ ಎಂಬ ಧಾಟಿಯೂ ಸುಳಿಯಬಾರದು. ಬೇಡುವವರು ಎಷ್ಟೋ ಪಟ್ಟು ಹೆಚ್ಚಿರುವುದರಿಂದ ಬಹುತೇಕ ಅರ್ಜಿಗಳು ತಿರಸ್ಕೃತವಾಗುತ್ತವೆ. ಅರ್ಜಿ ಹಾಕಿದ ಪ್ರತಿಯೊಬ್ಬರೂ ಇತರರ ಹತ್ತು ಅರ್ಜಿಗಳನ್ನು ಓದಿ, ಅಭಿಪ್ರಾಯ ಬರೆದು, ಒಂದರಿಂದ ಹತ್ತರವರೆಗೆ ಸ್ಥಾನ ಕೊಡಬೇಕು. ಗಡುವಿನೊಳಗೆ ಕೊಡದವರ ಸ್ವಂತ ಅರ್ಜಿ ರದ್ದಾಗಬಹುದು. ಆ ಹತ್ತರಲ್ಲಿ ಒಂದು, ನೀವು ಕಣ್ಣಿಟ್ಟಿರುವಂಥದ್ದೇ ತಟ್ಟೆಯನ್ನು ನಿಮಗಿಂತ ಕಡಿಮೆ ಗಂಟೆಗಳಲ್ಲಿ ನೋಡಿ ಮುಗಿಸುತ್ತೇವೆಂದು ಬರೆದಿರುವ ಸಾಧ್ಯತೆ ಇದೆ. ಸ್ಥಾನವನ್ನು ಪ್ರಾಮಾಣಿಕವಾಗಿ ಕೊಡತಕ್ಕದ್ದು.